ಮುಚ್ಚಳದ ಒಳಗಿನ ಬಿಳಿ ಕೆನೆ

28 ನವೆಂಬರ್ 2024, ಗುರುವಾರ
ಚಳ್ಳಕೆರೆ

ಓಂಕಾರಮೂರ್ತಿಯ ಮೇಲೆ ಇದರ ಸೇಡು ತೀರಿಸಿಕೊಳ್ಳದೆ ಬಿಡುವುದಿಲ್ಲ. ಬರೆದಿಡಲಿಕ್ಕೆಂದೇ ಈ ನೋಟ್‌ಬುಕ್ ತಂದಿದ್ದೇನೆ. ನನ್ನ ಸಿಟ್ಟು ಊಟವಾದರೆ ಇಳಿದುಹೋಗುತ್ತದೆ ಎಂದು ಅವ್ವ ಹೇಳುತ್ತಾಳೆ. ಈ ಸಲ ಇಳಿಯಕೂಡದು.

ಹತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಅವನ ಗ್ಯಾರೇಜು ಸೇರಿ ನಾಲ್ಕು ವರ್ಷವಾಗಿತ್ತು. ಇವತ್ತು ಬೆಳಿಗ್ಗೆ ದ್ರಾಕ್ಷಾಯಣಮ್ಮ ಮೇಡಂ ತಮ್ಮ ಹಳೇ ಕಾರು ತಂದರು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು ಅವರು. ಮೊಣಕಾಲು ನೋವು, ನಡೆಯಲಾಗುವುದಿಲ್ಲ. ಮನೆಯಿಂದ ಶಾಲೆಗೆ ಕಾರಿನಲ್ಲೇ ಹೋಗುತ್ತಾರೆ. ‘ಗಾಡಿ ಯಾಕೋ ಭಾರ ಅನ್ನಿಸ್ತೈತೆ’ ಎಂದರು. ಓಂಕಾರಮೂರ್ತಿ ಬಾನೆಟ್ ಎತ್ತಿ ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದ. ಒಳಗೆ ಕೆನೆಮೊಸರಿನಂಥ ಬಿಳಿ ಅಂಟು. ಆಯಿಲ್‌ನಲ್ಲಿ ನೀರು ಸೇರಿದರೆ ಹಾಗಾಗುತ್ತದೆ. ಎಂಜಿನ್ನಿನ ಒಳಗೆ ಅವೆರಡೂ ಬೆರೆಯದಂತೆ ತಡೆಯುವ ಪದರವೇ ಹೆಡ್ ಗ್ಯಾಸ್ಕೆಟ್.

‘ಲೇ ದುರುಗ, ಬಾರಲೇ ಇಲ್ಲಿ. ಹೋದ ತಿಂಗ್ಳು ಈ ಗಾಡಿಗೆ ಆಯಿಲ್ ಹಾಕಿದ್ದು ಯಾರು?’

‘ನಾನೇ ಅಣ್ಣ.’

‘ರೇಡಿಯೇಟರ್ ತೊಳೆದ ಲಾಳಿಕೆಯಾಗೇ ಹೊಯ್ದಿದ್ದೀಯ. ನೀರು ಕುಡಿಸಿ ಹೆಡ್ ಗ್ಯಾಸ್ಕೆಟ್ ಹಾಳು ಮಾಡಿ ಕೂರ್ಸಿದ್ದೀಯ.’

‘ಇಲ್ಲಣ್ಣ, ಲಾಳಿಕೆ ಒಣಗಿತ್ತು. ನಾನೇ ಒರೆಸಿದ್ದೆ.’

‘ತಪ್ಪಾಯ್ತು ಅಂತ ಮೇಡಂಗೆ ಹೇಳು. ಅಲ್ಲಿಗೆ ಮುಗೀತು.’

‘ಮಾಡ್ದೇ ಇರೋದ್ನ ಮಾಡ್ದೆ ಅಂತ ಹೆಂಗ್ ಹೇಳ್ಲಿ?’

ಎದುರಿನ ಚಹಾ ಅಂಗಡಿಯವರೆಲ್ಲ ಎದ್ದುನಿಂತು ನೋಡುತ್ತಿದ್ದರು. ಓಂಕಾರಮೂರ್ತಿ ಕೈಯೊರೆಸಿಕೊಂಡು ಬಂದು ಕಪಾಳಕ್ಕೆ ಒಂದು ಬಿಟ್ಟ. ‘ಬಂದ್ನಪ್ಪ ದೊಡ್ಡ ಸಾಚಾ ಮನುಷ್ಯ! ನಾಳೆಯಿಂದ ಬರ್ಬೇಡ ಹೋಗು!’ ಎಂದು ನನ್ನ ಊಟದ ಡಬ್ಬಿಯನ್ನು ರಸ್ತೆಗೆ ಎಸೆದ. ಮುದ್ದೆ ಮಣ್ಣಿನಲ್ಲಿ ಉರುಳಿತು. ಮೇಡಂ ‘ಹೋಗ್ಲಿ ಬಿಡಿ, ಹೋಗ್ಲಿ ಬಿಡಿ’ ಎನ್ನುತ್ತಲೇ ಇದ್ದರು.

ಅವ್ವ ಎಣ್ಣೆ ಮಿಲ್ಲಿನಿಂದ ಬಂದವಳು ಎಲ್ಲ ಕೇಳಿ, ‘ಒಂದು ಮಾತು ತಪ್ಪಾಯ್ತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪ?’ ಎಂದಳು.

ಹೋಗುತ್ತಿತ್ತು.

3 ಡಿಸೆಂಬರ್

ಐದು ಗ್ಯಾರೇಜು ತಿರುಗಿದೆ. ನಾನು ಹೋಗುವುದಕ್ಕಿಂತ ಮುಂಚೆ ಓಂಕಾರಮೂರ್ತಿಯ ಮಾತು ಹೋಗಿ ಕೂತಿರುತ್ತದೆ. ಕೊನೆಯ ಗ್ಯಾರೇಜಿನಲ್ಲಿ ಒಬ್ಬ ನನ್ನನ್ನು ನೋಡಿ, ‘ಓ, ನೀರು ದುರುಗ ಅಂದ್ರೆ ನೀನೇ ಏನಲೇ?’ ಎಂದ. ಎಲ್ಲರೂ ನಕ್ಕರು. ಆರು ದಿನದಲ್ಲಿ ಹೆಸರು ಕಟ್ಟಿಬಿಟ್ಟಿದ್ದಾರೆ. ಇನ್ನು ಈ ಊರಿನ ಯಾವ ಗ್ಯಾರೇಜಿನಲ್ಲೂ ಪಾನಾ ಹಿಡಿಯುವ ಹಾಗಿಲ್ಲ.

ಓಂಕಾರಮೂರ್ತಿ ಮೇಡಂ ಕಾರಿನ ಎಂಜಿನ್ ಬಿಚ್ಚಿ ಹರವಿದ್ದಾನೆ. ಮೇಡಂ ಗೋಡೆ ಹಿಡಿದು ಹಿಡಿದು ಶಾಲೆಗೆ ಹೋಗುತ್ತಿದ್ದುದನ್ನು ನೋಡಿದೆ. ನನ್ನಿಂದಲೇ ಹೀಗಾಯಿತು ಎಂದುಕೊಂಡಿರುತ್ತಾರೆ. ಅದನ್ನೂ ಓಂಕಾರಮೂರ್ತಿಯ ತಲೆಗೇ ಕಟ್ಟುತ್ತೇನೆ.

9 ಡಿಸೆಂಬರ್
ಮೊಳಕಾಲ್ಮೂರು

ಅಕ್ಕ ನಿರ್ಮಲಾಳ ಮನೆಗೆ ಬಂದಿದ್ದೇನೆ. ನಡುಮನೆಯ ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ಭಾವ ಬೆಳಗಿನಿಂದ ಸೀರೆ ನೇಯುತ್ತಾನೆ. ಮಗ್ಗದ ಸದ್ದಿಗೆ ನನಗೆ ‘ಓಂಕಾರ ಮೂರ್ತಿ, ಓಂಕಾರ ಮೂರ್ತಿ’ ಎಂದೇ ಕೇಳಿಸುತ್ತದೆ.

ರಾಯದುರ್ಗದ ರಸ್ತೆಯಲ್ಲಿ ಪಾಲಣ್ಣನ ಕಾರು ರಿಪೇರಿ ಶೆಡ್ಡು ಇದೆ. ಅರವತ್ತು ದಾಟಿದ ಮನುಷ್ಯ. ಚಳ್ಳಕೆರೆಯಲ್ಲಿ ಯಾಕೆ ಬಿಟ್ಟೆ ಎಂದು ಕೇಳಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಕಪಾಳಮೋಕ್ಷವನ್ನೂ ಸೇರಿಸಿ. ‘ನೀರು ಹಾಕಿದ್ಯಾ?’ ‘ಇಲ್ಲ.’ ‘ಸರೆ ರಾ ಅಬ್ಬಾಯಿ, ನಾಳೆಯಿಂದ ಬಾ’ ಎಂದ, ಅರ್ಧ ತೆಲುಗಿನಲ್ಲಿ; ಅಬ್ಬಾಯಿ ಎಂದರೆ ಹುಡುಗ. ಅಷ್ಟೇ. ನಂಬಿದನೋ, ಕೈಗೆ ಆಳು ಬೇಕಿತ್ತೋ, ತಿಳಿಯಲಿಲ್ಲ.

20 ಡಿಸೆಂಬರ್, ಶುಕ್ರವಾರ

ಸಿಕ್ಕಿತು. ಆತುರಕ್ಕೆ ಅಕ್ಷರ ಸೊಟ್ಟಗಾಗುತ್ತಿದೆ.

ಬೆಳಿಗ್ಗೆ ಸೀರೆ ವ್ಯಾಪಾರದ ಜಯಣ್ಣ ಕಾರು ತಂದ. ಮುಚ್ಚಳ ತೆಗೆದೆ. ಅದೇ ಬಿಳಿ ಕೆನೆ! ನಾನು ‘ಹೆಡ್ ಗ್ಯಾಸ್ಕೆಟ್ ಹೋಗೈತೆ’ ಎಂದು ಬಾಯಿ ತೆಗೆಯುವಷ್ಟರಲ್ಲಿ ಪಾಲಣ್ಣ ಎಂಜಿನ್ ಕಡೆ ನೋಡದೆ ಜಯಣ್ಣನ ಪಕ್ಕ ಕಲ್ಲಿನ ಮೇಲೆ ಕೂತ. ಅವನ ಪದ್ಧತಿಯೇ ಹಾಗೆ. ಬಾನೆಟ್ ಎತ್ತುವ ಮೊದಲು ಗಾಡಿಯವನ ದಿನವೆಲ್ಲ ಕೇಳುತ್ತಾನೆ: ಎಷ್ಟು ಹೊತ್ತಿಗೆ ಏಳುತ್ತೀರಿ, ಎಲ್ಲಿಗೆ ಹೋಗುತ್ತೀರಿ, ಯಾರನ್ನು ಕೂರಿಸಿಕೊಳ್ಳುತ್ತೀರಿ.

‘ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ’ ಎಂದ ಜಯಣ್ಣ.

‘ಎಷ್ಟು ದೂರ?’

‘ಒಂದು ಕಿಲೋಮೀಟರ್ ಆಗ್ಬೋದು.’

‘ಅಷ್ಟಕ್ಕೆ ಕಾರ್ಯಾಕೆ ಜಯಣ್ಣ?’

‘ಕಾರಾಗೆ ಬಂದ್ರೆ ಗಿರಾಕಿ ಚೌಕಾಸಿ ಕಮ್ಮಿ ಮಾಡ್ತಾರೆ ಪಾಲಣ್ಣ!’

ಪಾಲಣ್ಣ ನಕ್ಕು ನನ್ನ ಕಡೆ ತಿರುಗಿದ. ‘ಅಬ್ಬಾಯಿ, ಅನ್ನ ಬೇಯಿಸೋ ತಪ್ಪಲೆ ಮುಚ್ಚಳ ತೆಗೆದ್ರೆ ಒಳಗೆ ಏನಿರ್ತೈತೆ?’

‘ನೀರಿನ ಹನಿ.’

‘ಪೆಟ್ರೋಲ್ ಉರಿದ್ರೂ ಹಬೆ ಏಳ್ತೈತೆ. ಎಂಜಿನ್ ಚೆನ್ನಾಗಿ ಕಾದ್ರೆ ಆ ಹಬೆ ಹೊರಗೆ ಹೋಗ್ತೈತೆ. ಈ ದೊಡ್ಡ ಮನುಷ್ಯ ಅದು ಕಾಯೋಕೆ ಮುಂಚೇನೇ ಅಂಗಡಿ ಮುಂದೆ ಕೀ ತಿರುವಿ ಆಫ್ ಮಾಡ್ತಾನೆ. ಹಬೆ ಎಲ್ಲಿಗೆ ಹೋಗ್ಬೇಕು? ಒಳಗೇ ನೀರಾಗಿ ಆಯಿಲ್ ಜೊತೆ ಮಜ್ಜಿಗೆ ಕಡೆದಂಗೆ ಕಲಸ್ಕೊಂತೈತೆ. ಚಳಿಗಾಲದಾಗೆ ಮುಚ್ಚಳ ತಣ್ಣಗಿರ್ತೈತೆ, ಅಲ್ಲಿ ಬಂದು ಹತ್ತುತೈತೆ.’

ಆಮೇಲೆ ತೋರಿಸಿದ. ಆಯಿಲ್ ಅಳೆಯುವ ಕಡ್ಡಿ ಎಳೆದರೆ ಅದರ ತುದಿಯಲ್ಲಿ ಬಿಳುಪಿಲ್ಲ, ಪೆಟ್ರೋಲ್ ವಾಸನೆ ಮಾತ್ರ. ಎಂಜಿನ್ ತಣಿಸುವ ಕೂಲೆಂಟ್ ನೀರು ಡಬ್ಬಿಯ ಗೆರೆಗೆ ಸರಿಯಾಗಿದೆ. ಗ್ಯಾಸ್ಕೆಟ್ ಹೋಗಿದ್ದರೆ ಕೂಲೆಂಟ್ ಇಳಿಯಬೇಕಿತ್ತು, ಕಡ್ಡಿಯೂ ಹಾಲು ಬಣ್ಣ ಆಗಬೇಕಿತ್ತು. ಆಯಿಲ್ ಬದಲಿಸಿ, ಮುಚ್ಚಳ ಒರೆಸಿ, ಜಯಣ್ಣನನ್ನೇ ಕೂರಿಸಿಕೊಂಡು ರಾಯದುರ್ಗಕ್ಕೆ ಹೋಗಿಬಂದೆವು. ತೆಗೆದು ನೋಡಿದರೆ ಮುಚ್ಚಳ ಒಣಗಿತ್ತು. ವಾರಕ್ಕೊಮ್ಮೆ ಹೀಗೆ ಓಡಿಸಬೇಕು, ಅಷ್ಟೇ ಔಷಧ.

ಮೇಡಂ ಮನೆಯಿಂದ ಶಾಲೆ ಒಂದೂವರೆ ಕಿಲೋಮೀಟರ್. ಅವರ ಕಾರಿನ ಕೂಲೆಂಟ್ ಆ ದಿನ ತುಂಬಿಯೇ ಇತ್ತು, ನಾನು ನೋಡಿದ್ದೆ! ಚೆನ್ನಾಗಿದ್ದ ಗ್ಯಾಸ್ಕೆಟ್ಟನ್ನು ಓಂಕಾರಮೂರ್ತಿ ಕಿತ್ತು ಬಿಸಾಡಿದ್ದಾನೆ. ಅದಕ್ಕೂ ಮೇಲೆ ನನ್ನ ಕಪಾಳಕ್ಕೆ ಹೊಡೆದಿದ್ದಾನೆ.

22 ಡಿಸೆಂಬರ್

ಯೋಜನೆ ಇದು. ಮೇಡಂ ಕಾರು ರಿಪೇರಿಯಾಗಿ ಬಂದಿದೆಯಂತೆ. ಅವರು ಮತ್ತೆ ಅದೇ ಒಂದೂವರೆ ಕಿಲೋಮೀಟರ್ ಓಡಿಸುತ್ತಾರೆ. ಚಳಿ ಇನ್ನೂ ಇದೆ. ಜನವರಿ ಮುಗಿಯುವುದರೊಳಗೆ ಹೊಸ ಗ್ಯಾಸ್ಕೆಟ್ ಇದ್ದರೂ ಮುಚ್ಚಳಕ್ಕೆ ಬಿಳಿ ಕೆನೆ ಬರುತ್ತದೆ. ಆಗ ಅವನ ಗ್ಯಾರೇಜಿನಲ್ಲೇ, ಚಹಾ ಅಂಗಡಿಯವರ ಮುಂದೆಯೇ, ಆ ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿಯುತ್ತೇನೆ.

ಪಾಲಣ್ಣನಿಗೆ ಹೇಳಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ, ‘ಆ ಗಾಡಿಗೆ ಥರ್ಮೋಸ್ಟಾಟ್ ವಾಲ್ವ್ ಐತೋ ಇಲ್ವೋ?’ ಎಂದು ಕೇಳಿದ.

ಅವನಿಗೆ ಹೇಳದ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಇಲ್ಲ. ಏಪ್ರಿಲ್‌ನಲ್ಲಿ ನಾನೇ ತೆಗೆದೆ.

ಎಂಜಿನ್ ಕಾಯುವವರೆಗೂ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಆ ವಾಲ್ವ್. ಬೇಸಿಗೆಯಲ್ಲಿ ಚಳ್ಳಕೆರೆಯ ಬಿಸಿಲಿಗೆ ಗಾಡಿಗಳ ಬಿಸಿ ತೋರಿಸುವ ಮುಳ್ಳು ಏರುತ್ತದೆ. ನಮ್ಮ ಕಡೆ ಎಲ್ಲ ಗ್ಯಾರೇಜಿನಲ್ಲೂ ಮಾಡುವುದು ಒಂದೇ: ವಾಲ್ವ್ ಕಿತ್ತು ಡಬ್ಬಕ್ಕೆ ಹಾಕುವುದು. ಮುಳ್ಳು ಇಳಿಯುತ್ತದೆ, ಗಿರಾಕಿ ಖುಷಿ. ಆ ದಿನ ಓಂಕಾರಮೂರ್ತಿ ಊಟಕ್ಕೆ ಹೋಗಿದ್ದ. ಯಾರೂ ಹೇಳದೆ ನಾನೇ ತೆಗೆದು, ‘ಇನ್ನು ಕಾಯಂಗಿಲ್ಲ ಮೇಡಂ’ ಎಂದು ಬೀಗಿದ್ದೆ. ವಾಲ್ವ್ ಇಲ್ಲದ ಎಂಜಿನ್ ಚಳಿಗಾಲದಲ್ಲಿ ಒಂದೂವರೆ ಕಿಲೋಮೀಟರಿಗೆ ಉಗುರುಬೆಚ್ಚಗೂ ಆಗುವುದಿಲ್ಲ.

ನೀರು ನಾನು ಹಾಕಿಲ್ಲ. ಅದು ನಿಜ. ವಾಲ್ವ್ ವಿಷಯ ಚಳ್ಳಕೆರೆಯಲ್ಲಿ ಯಾರೂ ಕೇಳಿಲ್ಲ. ಕೇಳದ್ದನ್ನು ಹೇಳದಿದ್ದರೆ ಸುಳ್ಳಾಗುವುದಿಲ್ಲ.

27 ಡಿಸೆಂಬರ್

ಮೇಡಂ ಫೋನ್ ಮಾಡಿದರು. ನಂಬರ್ ಅವ್ವನಿಂದ ಪಡೆದರಂತೆ.

‘ನನ್ನ ಗಾಡಿ ದೆಸೆಯಿಂದ ನಿನ್ನ ಕೆಲ್ಸ ಹೋಯ್ತಲ್ಲೋ ದುರುಗೇಶ. ಮನಸ್ಸಿಗೆ ಸಮಾಧಾನ ಇಲ್ಲ ನನಗೆ.’

‘ಇಲ್ಲಿ ಆರಾಮಿದ್ದೀನಿ ಮೇಡಂ.’

‘ಗಾಡಿ ಈಗ ಚೆನ್ನಾಗೈತೆ. ನಾನೇನಾದ್ರೂ ಹುಷಾರು ಮಾಡ್ಬೇಕೇನಪ್ಪ?’

ವಾರಕ್ಕೊಮ್ಮೆ ನಾಯಕನಹಟ್ಟಿಯಷ್ಟು ದೂರ ಹೋಗಿಬನ್ನಿ ಎಂದರೆ ಸಾಕಿತ್ತು. ಹಾಗೆಂದರೆ ಕೆನೆ ಬರುವುದಿಲ್ಲ, ಓಂಕಾರಮೂರ್ತಿ ಗೆದ್ದು ಕೂರುತ್ತಾನೆ.

‘ಎಂದಿನಂಗೆ ಓಡಿಸಿ ಮೇಡಂ’ ಎಂದೆ. ‘ತಿಂಗ್ಳ ಕೊನೆಗೆ ಆಯಿಲ್ ಮುಚ್ಚಳ ತೆಗೆದು ಒಂದು ಫೋಟೋ ಕಳ್ಸಿ.’

ಸುಳ್ಳೇನೂ ಹೇಳಲಿಲ್ಲ.

9 ಜನವರಿ 2025

ಕೊಂಡ್ಲಹಳ್ಳಿಯಿಂದ ಕ್ಯಾತಣ್ಣ ಎಂಬುವವರು ಕಾರು ತಂದರು. ಮುಚ್ಚಳ ಬೆಳ್ಳಗಿತ್ತು. ‘ಇದು ಹತ್ತಿರದ ಓಡಾಟದ ಕೆನೆ, ಗ್ಯಾಸ್ಕೆಟ್ ಅಲ್ಲ, ಚಳ್ಳಕೆರೆಯವರು ಸುಮ್ಮನೆ ಗ್ಯಾಸ್ಕೆಟ್ ಅಂತಾರೆ’ ಎಂದು ದೊಡ್ಡದಾಗಿ ಹೇಳಿದೆ. ಪಾಲಣ್ಣ ಬಂದು ಕಡ್ಡಿ ಎಳೆದ. ಪೂರ್ತಿ ಹಾಲು ಬಣ್ಣ. ಕೂಲೆಂಟ್ ಡಬ್ಬಿ ಖಾಲಿ. ಆ ಗಾಡಿ ದಿನಾ ಬಳ್ಳಾರಿಗೆ ಹೋಗಿಬರುವುದಂತೆ. ಗ್ಯಾಸ್ಕೆಟ್ ನಿಜವಾಗಿಯೂ ಹೋಗಿತ್ತು. ನನ್ನ ಮಾತು ಕೇಳಿ ಓಡಿಸಿದ್ದರೆ ದಾರಿಯಲ್ಲಿ ಎಂಜಿನ್ ಕಚ್ಚಿಕೊಳ್ಳುತ್ತಿತ್ತು.

‘ನೀನು ಗಾಡಿ ನೋಡ್ತಾ ಇಲ್ಲ ರಾ’ ಎಂದ ಪಾಲಣ್ಣ. ‘ಆ ಓಂಕಾರಮೂರ್ತಿ ಮುಖ ನೋಡ್ತಾ ಇದ್ದೀಯ. ಎಲ್ಲಾ ಬಾನೆಟ್ ಒಳಗೂ ಅವನೇ ಕೂತವ್ನೆ ನಿನಗೆ.’

ಇದಕ್ಕೂ ಓಂಕಾರಮೂರ್ತಿಯೇ ಕಾರಣ.

20 ಜನವರಿ

ಕಾರುಗಳು ಬಂದವು, ಹೋದವು. ಒಬ್ಬ ಅಜ್ಜಿ ಮೊಮ್ಮಗನ ಕಾರಿನಲ್ಲಿ ಬಂದಿದ್ದಳು, ಅವಳ ದಿನವನ್ನೆಲ್ಲ ಕೇಳುತ್ತ ಕೂತೆ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಕೊನೆಗೆ ಬ್ಯಾಟರಿ ಯಾಕೆ ಇಳಿಯುತ್ತದೆ ಎಂದು ಬಾನೆಟ್ ಎತ್ತದೆಯೇ ಗೊತ್ತಾಯಿತು. ಮೊಮ್ಮಗ ಎಂಜಿನ್ ಆರಿಸಿ, ನಿಂತ ಗಾಡಿಯಲ್ಲೇ ಹಾಡು ಹಾಕಿಕೊಂಡು ಕೂರುತ್ತಾನೆ.

ಹತ್ತು ದಿನದಿಂದ ಓಂಕಾರಮೂರ್ತಿಯ ಬಗ್ಗೆ ಬರೆದಿಲ್ಲ. ಮರೆತಿಲ್ಲ ಎಂದು ಬರೆಯಲು ಇದನ್ನು ತೆರೆದೆ.

30 ಜನವರಿ

ಫೋಟೋ ಬಂತು. ಬೆಳ್ಳಗೆ, ದಪ್ಪಗೆ, ಬೆರಳಿನಲ್ಲಿ ತೆಗೆಯುವ ಹಾಗಿದೆ.

‘ಮತ್ತೆ ಹಂಗೇ ಆಗೈತಲ್ಲೋ’ ಎಂದು ಮೇಡಂ ಗಾಬರಿಯಾಗಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಕಾರನ್ನು ಓಂಕಾರಮೂರ್ತಿಯ ಗ್ಯಾರೇಜಿಗೇ ತನ್ನಿ, ನಾನೂ ಬರುತ್ತೇನೆ ಎಂದೆ. ಭಾವ ಮಗ್ಗದಿಂದ ಎದ್ದು, ‘ನಾನೂ ಬರ್ತೀನಿ, ವಿಡಿಯೋ ಮಾಡಿ ಗ್ರೂಪಿಗೆ ಹಾಕಾಣ’ ಎಂದ. ಅಕ್ಕ ಇಬ್ಬರಿಗೂ ಬೈದಳು. ಯಾವ ಅಂಗಿ ಹಾಕಿಕೊಳ್ಳುವುದು ಎಂದು ಯೋಚಿಸುತ್ತಿದ್ದೇನೆ. ಇಸ್ತ್ರಿ ಮಾಡಿಸಬೇಕು.

1 ಫೆಬ್ರವರಿ, ಶನಿವಾರ
ಚಳ್ಳಕೆರೆ, ಅವ್ವನ ಮನೆ

ಆದದ್ದು ಆದ ಹಾಗೆ ಬರೆಯುತ್ತೇನೆ.

ಭಾವನನ್ನು ಕರೆತರಲಿಲ್ಲ. ಗ್ಯಾರೇಜಿಗೆ ಹೋದಾಗ ಮೂರು ಗಂಟೆ. ಮೇಡಂ ಕಾರಿನಿಂದ ಇಳಿದು ಕಾಲು ನೀವಿಕೊಳ್ಳುತ್ತಿದ್ದರು. ಓಂಕಾರಮೂರ್ತಿ ನನ್ನನ್ನು ನೋಡಿ, ‘ಏನಲೇ, ಯಾವ ಬಾವಿ ನೀರು ತಂದಿದ್ದೀಯ ಈ ಸಲ?’ ಎಂದ. ಚಹಾ ಅಂಗಡಿಯಿಂದ ನಗು ಬಂತು. ಒಳ್ಳೆಯದಾಯಿತು, ಎಲ್ಲರೂ ಇದ್ದಾರೆ ಎಂದುಕೊಂಡೆ.

ಬಾನೆಟ್ ಎತ್ತಿ, ಆಯಿಲ್ ಮುಚ್ಚಳ ತಿರುವಿ ತೆಗೆದು ಅವನ ಮುಖಕ್ಕೆ ಹಿಡಿದೆ.

‘ಎರಡು ತಿಂಗ್ಳಿಂದ ಈ ಗಾಡಿ ಮುಟ್ಟಿಲ್ಲ ನಾನು. ಆಯಿಲ್ ನೀವೇ ಹಾಕಿದ್ದು. ಗ್ಯಾಸ್ಕೆಟ್ ನೀವೇ ಹಾಕಿದ್ದು. ಇದೇನು ಹೇಳಿ ಈಗ.’

ನಗು ನಿಂತಿತು. ಎರಡು ತಿಂಗಳು ಕಾದದ್ದು ಈ ಗಳಿಗೆಗೇ. ಅವನು ಬಯ್ಯುತ್ತಾನೆ, ಜಾರಿಕೊಳ್ಳುತ್ತಾನೆ, ಕೈ ಎತ್ತುತ್ತಾನೆ ಎಂದುಕೊಂಡಿದ್ದೆ. ಅವನು ಮುಚ್ಚಳ ಈಸಿಕೊಂಡು ಬೆರಳಿನಿಂದ ಕೆನೆ ಮುಟ್ಟಿದ. ಮುಖ ಸಣ್ಣಗಾಯಿತು.

‘ಮೇಡಂ, ನನ್ನ ಕೆಲ್ಸ ಕೆಟ್ಟೈತೆ’ ಎಂದ. ‘ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ. ಗಾಡಿ ಬಿಟ್ಟು ಹೋಗಿ. ನನ್ನ ಖರ್ಚಿನಾಗೇ ಇನ್ನೊಂದ್ಸಲ ಬಿಚ್ತೀನಿ.’

ಅವನು ಮೋಸ ಮಾಡಿರಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಈಗ ನಾನು ಸುಮ್ಮನೆ ನಿಂತರೂ ಸಾಕು: ಅವನು ಮತ್ತೆ ಎಂಜಿನ್ ಬಿಚ್ಚುತ್ತಾನೆ, ಮತ್ತೆ ಕಟ್ಟುತ್ತಾನೆ, ಮುಂದಿನ ಚಳಿಗೆ ಮತ್ತೆ ಕೆನೆ ಬರುತ್ತದೆ, ಊರೆಲ್ಲ ನಗುತ್ತದೆ. ನಾನು ಅಂದುಕೊಂಡದ್ದಕ್ಕಿಂತ ದೊಡ್ಡ ಸೇಡು ತಾನಾಗಿಯೇ ಕೈಗೆ ಬಂದಿತ್ತು.

ಮೇಡಂ ಕೇಳಿದರು, ‘ಮತ್ತೆ ಹದಿನೈದು ದಿನ ನಡೀಬೇಕೇನಪ್ಪ?’

ಅದನ್ನು ಕೇಳಿದ ಮೇಲೆ ಸುಮ್ಮನಿರಲಿಕ್ಕೆ ಆಗಲಿಲ್ಲ.

‘ಬಿಚ್ಬೇಡಿ’ ಎಂದೆ. ಹಬೆಯ ವಿಷಯ, ಒಂದೂವರೆ ಕಿಲೋಮೀಟರ್ ವಿಷಯ, ಕಡ್ಡಿ, ಕೂಲೆಂಟ್, ಎಲ್ಲ ಹೇಳಿದೆ. ಕಡ್ಡಿ ಎಳೆದು ತೋರಿಸಿದೆ. ಬಿಳುಪಿರಲಿಲ್ಲ, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಅಲ್ಲಿಯವರೆಗೆ ಗೆದ್ದವನು ನಾನೇ. ಆದರೆ ಅರ್ಧ ಹೇಳಿ ಗೆದ್ದರೆ, ಮಾಡದ್ದನ್ನು ಒಪ್ಪಿಕೊಂಡಷ್ಟೇ ಕೆಟ್ಟದು ಎನ್ನಿಸಿತು.

‘ವಾಲ್ವ್ ಕೂಡ ಇಲ್ಲ ಇದಕ್ಕೆ’ ಎಂದೆ. ‘ಏಪ್ರಿಲ್‌ನಾಗೆ ನಾನೇ ತೆಗೆದಿದ್ದು. ಅದಕ್ಕೇ ಇಷ್ಟು ಜಾಸ್ತಿ ಆಗೈತೆ.’

ಓಂಕಾರಮೂರ್ತಿ ತೊಡೆ ತಟ್ಟಿದ. ‘ಕೇಳಿದ್ರಾ ಮೇಡಂ! ಕೇಳಿದ್ರೇನ್ರೋ! ಇವಂದೇ ತಪ್ಪು. ಇವನ ಬಾಯಲ್ಲೇ ಬಂತು!’

ಹಾಗೆನ್ನುತ್ತ ವಾಲ್ವ್ ಡಬ್ಬ ತರಲು ಒಳಗೆ ಹೋದ. ತಂದು ಬೆಂಚಿನ ಮೇಲೆ ಸುರಿದ. ಹಿತ್ತಾಳೆಯ ಬಿಲ್ಲೆಗಳು ಗಲಗಲ ಬಿದ್ದವು, ಕೆಲವು ಉರುಳಿ ನೆಲಕ್ಕೂ ಹೋದವು. ಎಷ್ಟೋ ಬೇಸಿಗೆಗಳ ವಾಲ್ವ್‌ಗಳು. ಈ ಊರಿನ ಅರ್ಧ ಕಾರುಗಳು ಅಲ್ಲಿದ್ದವು. ನಾನು ತೆಗೆದದ್ದು ಅದರಲ್ಲಿ ನಾಲ್ಕೋ ಐದೋ. ಅವನು ನೋಡುತ್ತ ನಿಂತ. ಆಮೇಲೆ ಬಗ್ಗಿ, ನೆಲಕ್ಕೆ ಬಿದ್ದವನ್ನು ಒಂದೊಂದಾಗಿ ಆಯ್ದ.

ಮೇಡಂ ಮಾತ್ರ ನನ್ನನ್ನೇ ನೋಡುತ್ತಿದ್ದರು.

‘ಹಬೆ ತಣ್ಣಗಾದ್ರೆ ನೀರಾಗ್ತೈತೆ ಅಂತ ನಾನೇ ಪಾಠ ಮಾಡಿದ್ದೆ. ನೀನು ಅವತ್ತು ಶಾಲೆಗೆ ಬಂದಿರ್ಲಿಲ್ಲ ಅನ್ಸುತ್ತೆ.’

‘ಬಂದಿದ್ದೆ ಮೇಡಂ. ಹಿಂದಿನ ಬೆಂಚಾಗಿದ್ದೆ.’

‘ಇದು ನಿನಗೆ ಯಾವತ್ತಿಂದ ಗೊತ್ತು?’

‘ಡಿಸೆಂಬರ್ ಇಪ್ಪತ್ತರಿಂದ.’

‘ನಾನು ಫೋನ್ ಮಾಡಿದಾಗ ಗೊತ್ತಿತ್ತಾ?’

‘ಗೊತ್ತಿತ್ತು.’

‘ಎಂದಿನಂಗೆ ಓಡಿಸಿ ಅಂದೆ.’

‘ಹೌದು ಮೇಡಂ.’

ಅವರು ಸಿಟ್ಟಾಗಲಿಲ್ಲ. ತರಗತಿಯಲ್ಲಿ ಲೆಕ್ಕದ ಕೊನೆಯ ಸಾಲು ಹೇಳುವ ಹಾಗೆ ಹೇಳಿದರು: ‘ಇವರು ತಿಳೀದೆ ನನ್ನ ಗಾಡಿ ಕೆಡಿಸಿದ್ರು. ನೀನು ತಿಳಿದು ಕೆಡೋಕೆ ಬಿಟ್ಟೆ.’

ಕೀಯನ್ನು ಓಂಕಾರಮೂರ್ತಿಯ ಕೈಗೆ ಕೊಟ್ಟು ಆಟೋ ಹತ್ತಿದರು. ಕೀ ನನಗೆ ಕೊಡುತ್ತಾರೆಂದು ನಾನು ಕೈ ಮುಂದೆ ಮಾಡಿದ್ದೆ.

ಆ ಕಪಾಳದ ಏಟು ಇಷ್ಟು ಉರಿದಿರಲಿಲ್ಲ. ಆಗ ನಾನು ಮಾಡಿಲ್ಲ ಎಂದು ಹೇಳಲಿಕ್ಕಾದರೂ ಆಗಿತ್ತು.

2 ಫೆಬ್ರವರಿ

ಬೆಳಿಗ್ಗೆ ಮೇಡಂ ಮನೆಗೆ ಹೋದೆ. ‘ತಪ್ಪಾಯ್ತು ಮೇಡಂ’ ಎಂದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ‘ಸರಿ’ ಎಂದರು. ಕೂರು ಎನ್ನಲಿಲ್ಲ.

ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

19 ಫೆಬ್ರವರಿ
ಮೊಳಕಾಲ್ಮೂರು

ಚಳಿ ಹೋಯಿತು. ಪಾಲಣ್ಣ ಈಗ ಗಾಡಿಯವರನ್ನು ನನ್ನ ಹತ್ತಿರ ಕೂರಿಸಿ ತಾನು ಎಲೆ ಹಾಕಿಕೊಳ್ಳುತ್ತಾನೆ. ಬೇಸಿಗೆಗೆ ಮುಂಚೆ ವಾಲ್ವ್ ತೆಗೆಸಲು ಇವತ್ತು ಇಬ್ಬರು ಬಂದಿದ್ದರು. ತೆಗೆಯಲಿಲ್ಲ. ಒಬ್ಬರ ರೇಡಿಯೇಟರ್ ತೊಳೆದೆ, ಇನ್ನೊಬ್ಬರ ಫ್ಯಾನ್ ಸರಿಮಾಡಿದೆ.

ಮಧ್ಯಾಹ್ನ ಓಂಕಾರಮೂರ್ತಿ ಫೋನ್ ಮಾಡಿದರು. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದೆ.

‘ಲೇ, ಒಂದು ಗಾಡಿ ಬಂದೈತೆ. ಮುಚ್ಚಳ ಬೆಳ್ಳಗೈತೆ. ಕಡ್ಡಿ ಸ್ವಚ್ಛ ಐತೆ, ಕೂಲೆಂಟ್ ಇಳಿದಿಲ್ಲ.’

‘ದಿನಾ ಎಷ್ಟು ದೂರ ಓಡ್ತೈತಂತೆ? ಕೇಳಿದ್ರಾ?’

‘ತಡಿ.’ ಫೋನು ದೂರ ಹೋಯಿತು. ಮನೆಯಿಂದ ಮಿಲ್ಲಿಗೆ, ಎರಡು ಕಿಲೋಮೀಟರ್ ಎಂದು ಯಾರೋ ಹೇಳಿದ್ದು ಕೇಳಿಸಿತು.

‘ವಾಲ್ವ್ ಐತಾ ನೋಡಿ.’

ಅವರು ದನಿ ಇಳಿಸಿದರು. ‘ಇಲ್ಲ ಬಿಡು. ನಾನೇ ತೆಗೆದಿದ್ದು.’

ಏನು ಮಾಡಬೇಕೆಂದು ಹೇಳಿದೆ. ಅವರು ತಪ್ಪಾಯಿತು ಎನ್ನಲಿಲ್ಲ. ನಾನು ಕ್ಷಮಿಸಿಲ್ಲ. ಮೇಡಂ ಗಾಡಿ ಹೇಗಿದೆ ಎಂದು ಕೇಳಿದೆ. ವಾಲ್ವ್ ಹಾಕಿದ್ದಾರಂತೆ, ಭಾನುವಾರ ಮೇಡಂ ಒಬ್ಬರೇ ನಾಯಕನಹಟ್ಟಿವರೆಗೆ ಹೋಗಿಬರುತ್ತಾರಂತೆ. ನನ್ನ ಬಗ್ಗೆ ಏನಾದರೂ ಅಂದರೇ ಎಂದು ಕೇಳಲು ಬಾಯಿ ಬರಲಿಲ್ಲ.

ಫೋನು ಇಡುವುದು ಮರೆತಿದ್ದರು. ಆ ಮಿಲ್ಲಿನವನು, ‘ಯಾರ್ನ ಕೇಳ್ತಿದ್ರಿ ಓಂಕಾರಣ್ಣ?’ ಎಂದದ್ದು ಕೇಳಿಸಿತು.

‘ಮೊಳಕಾಲ್ಮೂರಾಗೆ ಒಬ್ಬ ಮೆಕ್ಯಾನಿಕ್ ಅವ್ನೆ.’

ಹೆಸರು ಹೇಳಲಿಲ್ಲ, ನೀರು ದುರುಗ ಎಂದೂ ಅನ್ನಲಿಲ್ಲ. ಅದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.